ಸುಣ್ಣದ ನೀರು ಹಳದಿಯಾದ ರವಿವಾರ

ಮೊನ್ನೆ ಠಾಣೆ ಪಕ್ಕದ ಕಳವಾ ಊರಿನ ನಮ್ಮ ಚಾಳಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹಸಿ ಸುಣ್ಣದ ವಾಸನೆ ಮೂಗಿಗೆ ಹೊಡೆದ ಕೂಡಲೇ ಪಕ್ಕದ ಖೋಲಿಯ ಭಟ್ರು ನೆನಪಾದರು. ಠಾಣೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವರು. ಮಾತು ಕಡಿಮೆ.

ಒಂದು ವರ್ಷ ಅಮ್ಮನಿಗೆ ಕಾಮಾಲೆ ಬಂತು. ಕಣ್ಣು ಹಳದಿ, ಉಂಡದ್ದೆಲ್ಲ ವಾಂತಿ. ಭಿವಂಡಿಯಿಂದ ಒಬ್ಬ ಬಾಬಾ ರವಿವಾರಕ್ಕೊಮ್ಮೆ ಬಂದು ಕಾಮಾಲೆ ಇಳಿಸುತ್ತಿದ್ದ. ಅಂಗೈಗೆ ಏನೋ ಲೇಪ ಹಚ್ಚಿ, ಮಂತ್ರ ಹೇಳಿ, ಸುಣ್ಣದ ತಿಳಿನೀರಿನಲ್ಲಿ ಕೈ ತೊಳೆಸುತ್ತಿದ್ದ. ನೀರು ಹಳದಿಯಾಗುತ್ತಿತ್ತು. ರೋಗ ಇಳಿಯಿತು ಎನ್ನುತ್ತಿದ್ದ. ನಾನೂ ನಂಬಿದ್ದೆ. ಕಣ್ಣಾರೆ ಕಂಡದ್ದಲ್ಲವೇ...

ಎರಡು ರವಿವಾರ ಕಳೆಯುವಷ್ಟರಲ್ಲಿ ಅಮ್ಮ ಏಳಲಾರದ ಹಾಗಾದಳು. ಆಸ್ಪತ್ರೆ ಬೇಡವೇ ಬೇಡ, ನಡುವೆ ಬಿಟ್ಟರೆ ಮಂತ್ರ ತಿರುಗಿ ಬಡಿಯುತ್ತದೆ ಎನ್ನುತ್ತಿದ್ದಳು.

ಮೂರನೇ ರವಿವಾರ ಭಟ್ರು ಬಂದು ಬಾಬಾನ ಮುಂದೆ ಕೂತರು. ಮೊದಲು ನನಗೆ ಮಾಡಿ ಎಂದು ಹಿಂದಿಯಲ್ಲಿ ಹೇಳಿ ಎರಡೂ ಕೈ ಚಾಚಿದರು. ಬಾಬಾ ಮಾಡಿದ. ನೀರು ಅಷ್ಟೇ ಹಳದಿ.

"ಅಯ್ಯೋ ಭಟ್ರೇ, ನಿಮಗೂ ಉಂಟಲ್ಲ ಕಾಮಾಲೆ" ಎಂದಳು ಅಮ್ಮ. ಅವಳಿಗೆ ನಿಜಕ್ಕೂ ಗಾಬರಿಯಾಗಿತ್ತು.

"ಇರ್ಲಿ ಅಕ್ಕ, ಇವನಿಗೂ ಉಂಟಾ ನೋಡುವ" ಎಂದು ನನ್ನ ಕೈ ಎಳೆದರು. ನನ್ನ ನೀರೂ ಹಳದಿ. "ಬೆಳಿಗ್ಗೆ ನಾಲ್ಕು ವಡಾಪಾವ್ ಮುಕ್ಕಿದವನಿಗೆ ಎಂತ ಕಾಮಾಲೆ ಅಕ್ಕ?"

ಆಮೇಲೆ ಬಾಬಾನ ಕಡೆ ತಿರುಗಿ, ಈಗ ನಿಮ್ಮ ಕೈ ಎಂದರು. ಬಾಬಾ ಲೇಪದ ಡಬ್ಬಿ ಮುಚ್ಚಿದ. ಬಸ್ಸಿಗೆ ಹೊತ್ತಾಯಿತು ಎಂದ.

ಅಮ್ಮ ನಮ್ಮಿಬ್ಬರ ಹಳದಿ ನೀರಿನ ಪಾತ್ರೆಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ನನಗೆ, "ರಿಕ್ಷಾ ಕರಿ" ಎಂದಳು.

ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಗುಣವಾಗಿ ಬಂದಳು. ನಿಮ್ಮ ಮಾತೇ ಸರಿ ಅಂತ ಪ್ರೂಫ್ ಆಯಿತು ಎಂದು ಭಟ್ರಿಗೆ ಹೇಳಿದೆ. ಅವರಿಗೆ ಹಿಡಿಸಲಿಲ್ಲ.

"ಒಬ್ರು ಗುಣ ಆದದ್ದು ಎಂತ ಪ್ರೂಫ್ ಮಾರಾಯ? ಆ ಬಾಬಾನೂ ಅದನ್ನೇ ಅಲ್ವಾ ಹೇಳುದು. ನಾವು ನೋಡಿದ್ದು ಆ ನೀರು ಯಾರ ಕೈಗೂ ಹಳದಿ ಆಗ್ತದೆ ಅಂತ ಮಾತ್ರ."

ಭಟ್ರು ಹೋಗಿ ಎರಡು ವರ್ಷವಾಯಿತು. ಎದೆನೋವು ಬಂದದ್ದಷ್ಟೇ... ಈ ಪಿತೃಪಕ್ಷದಲ್ಲಿ ಅಮ್ಮ ಅವರ ಹೆಸರು ಹೇಳಿ ಗ್ಯಾಲರಿಯ ಕಟ್ಟೆ ಮೇಲೆ ಒಂದು ದೋಸೆ ಇಟ್ಟಳು. ಕಾಗೆ ತಕ್ಷಣ ಬಂತು.

"ಭಟ್ರು ಬಂದ್ರು ನೋಡು" ಎಂದಳು. ಕಣ್ಣಲ್ಲಿ ನೀರು.

ಅವರಿದ್ದಿದ್ದರೆ, ಯಾರ ಹೆಸರೂ ಹೇಳದೆ ಇನ್ನೊಂದು ದೋಸೆ ಇಟ್ಟು ನೋಡು ಎನ್ನುತ್ತಿದ್ದರು. ನಾನು ಇಡಲಿಲ್ಲ.