ಮುಂದಿನ ಬಾಗಿಲು, ಹಿಂದಿನ ಬಾಗಿಲು

ಹೈದರಾಬಾದಿನ ಸಿಟಿ ಬಸ್ಸಿಗೆ ಹೆಂಗಸರು ಮುಂದಿನ ಬಾಗಿಲಿನಿಂದ, ಗಂಡಸರು ಹಿಂದಿನಿಂದ ಹತ್ತಬೇಕು. ಹೆಂಡತಿಯ ಚಿಕಿತ್ಸೆಗೆಂದು ಮಿಯಾಪುರದಿಂದ ಹಿಮಾಯತ್‌ನಗರದ ಆಸ್ಪತ್ರೆಗೆ ವಾರವಾರ ಹೋಗುತ್ತಿದ್ದಾಗ ಅವಳ ಕಾಯಿಲೆಗಿಂತ ಈ ಬಾಗಿಲುಗಳೇ ನನ್ನನ್ನು ಹೆಚ್ಚು ಕಾಡುತ್ತಿದ್ದವು ಎಂದರೆ ಯಾರೂ ನಂಬುವುದಿಲ್ಲ. ನಾನು ಇಳಿದು ಅವಳು ಇಳಿಯದಿದ್ದರೆ? ಅವಳು ಇಳಿದು ನಾನು ಗುಂಪಿನಲ್ಲಿ ಸಿಕ್ಕಿಕೊಂಡರೆ?

ಐಟಿ ಕಂಪನಿಗಳು ಬಂದ ಭರಾಟೆಯಲ್ಲಿ ಊರನ್ನೆಲ್ಲ ಅಗೆದಿದ್ದರು. ಇಳಿಯುವ ಗುರುತೆಂದು ನಾನು ಅವಳಿಗೆ ತೋರಿಸಿಕೊಟ್ಟ ಇರಾನಿ ಹೋಟೆಲು ಮರುವಾರ ಇರಲಿಲ್ಲ. ಆಮೇಲೆ ಹಿಂದಿನಿಂದ ಮಾತು ಕಳಿಸತೊಡಗಿದೆ: ಹಸಿರು ಸೀರೆಯ ಅಮ್ಮನಿಗೆ ಹೇಳಿ, ಮುಂದಿನ ಸ್ಟಾಪು. ಕೊರಳಿಗೆ ಕಂಪನಿಯ ಕಾರ್ಡು ನೇತುಹಾಕಿಕೊಂಡ ಹುಡುಗರ ಬಾಯಿಂದ ಬಾಯಿಗೆ ದಾಟಿ ಅದು ಮುಟ್ಟುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಇವತ್ತ ಇನ್ನೊಬ್ಬಾಕಿ ಹಸಿರು ಸೀರ್ಯಾಕಿ ಇಳಿಯಾಕ ಎದ್ದಿದ್ಲು," ಎಂದಳು ಒಮ್ಮೆ. "ನಾ ಕಳದುಹೋದ್ರ ಆಕಿನ್ನ ಕರಕೊಂಡು ಹೋಗ್ರಿ."

ಒಂದು ದಿನ ಡಾಕ್ಟರು, ಇನ್ನು ಇಷ್ಟು ದೂರ ಬರುವ ತೊಂದರೆ ಬೇಡ, ನೋವಾಗದ ಹಾಗೆ ಮನೆಯಲ್ಲೇ ನೋಡಿಕೊಳ್ಳಿ ಎಂದರು. ವಾಪಸು ಬಸ್ಸು ಈಗ ಎಲ್ಲಿ ನಿಲ್ಲುತ್ತದೆ ಎಂದು ನಾನು ಅವರನ್ನೇ ಕೇಳಿದೆ.

"ಚಲೋ ಆತು ಬಿಡ್ರಿ," ಎಂದಳು ಸ್ಟಾಪಿನಲ್ಲಿ. "ನಿಮಗ ಬಸ್ಸಿನ ಚಿಂತಿ ತಪ್ಪತು."

ಮಿಯಾಪುರ ದಾಟಿ ಮುಂದೆ ಹೋಗುವ ಪಟಾಂಚೆರು ಬಸ್ಸು ಅಪರೂಪಕ್ಕೆ ಖಾಲಿಯಿತ್ತು. ನಾನು ಹಿಂದಿನಿಂದ ಹತ್ತಿದೆ. ಅವಳು ತಿರುಗಿ ನೋಡಿ, ತನ್ನ ಪಕ್ಕದ ಸೀಟು ತಟ್ಟಿದಳು. ಹೋಗಿ ಕೂತೆ.

"ಲೇಡೀಸ್ ಸೀಟು ಕದಾ ಅನ್ನಾ, ಎನಕ್ಕಿ ಪೋ," ಎಂದು ಆಚೆ ಬದಿಯ ಹೆಂಗಸು ನನ್ನನ್ನು ಹಿಂದಕ್ಕಟ್ಟಲು ನೋಡಿದಳು.

"ಆಜ್ ಏಕ್ ದಿನ್ ಬೈಠನೇ ದೋ ಅಮ್ಮಾ," ಎಂದಳು ಇವಳು. ಆ ಹೆಂಗಸು ಇವಳ ಮುಖ ನೋಡಿ, ನನ್ನ ಕಾಲಿಗಡ್ಡವಿದ್ದ ತನ್ನ ಚೀಲವನ್ನು ಎಳೆದುಕೊಂಡಳು.

ಆ ದಾರಿಯಲ್ಲಿ ನಾವು ಜೊತೆಗೆ ಕೂತದ್ದು ಅದೇ ಮೊದಲು. ಅವಳು ಕಿಟಕಿಯಾಚೆ ನೋಡುತ್ತ, "ಇಷ್ಟೆಲ್ಲಾ ಅಗದು ಏನ್ ಹುಡುಕಾಕತ್ತಾರ್ರಿ ಇವರು?" ಎಂದಳು. ನಾನೂ ನೋಡಿದೆ. ಹಾಗೆ ನೋಡುತ್ತಿದ್ದಂತೆ ಮಿಯಾಪುರ ಹಿಂದೆ ಹೋಗಿಬಿಟ್ಟಿತ್ತು. ಸ್ಟಾಪು ತಪ್ಪಬಾರದೆಂದು ನಿದ್ದೆಗೆಟ್ಟವನು ನಾನು.

ಚಂದಾನಗರದಲ್ಲಿ ಇಳಿದು, ರಸ್ತೆ ದಾಟಿ, ಮತ್ತೆ ಕಾದೆವು. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಮುಂದಿನ ಬಾಗಿಲಿಗೆ ಹೋದಳು, ನಾನು ಹಿಂದಿನದಕ್ಕೆ. ಎದುರಿಗಿದ್ದ ಹುಡುಗನ ಭುಜ ತಟ್ಟಿ, ಮಿಯಾಪುರದಲ್ಲಿ ಇಳಿಯಲು ಮುಂದಿರುವ ಅಮ್ಮನಿಗೆ ಹೇಳಪ್ಪ ಎಂದೆ.

"ಕೌನ್ಸಾ ಕಲರ್ ಸಾಡಿ, ಅಂಕಲ್?"

ಬೆಳಗಿನಿಂದ ಜೊತೆಗಿದ್ದೆ. ಬಣ್ಣ ನೆನಪಿಗೆ ಬರಲಿಲ್ಲ.