ಮಗಳು ಎಂದು ಹೇಳಿ ತಪ್ಪಿಸಿಕೊಂಡ ಸಹಿ

ನಮ್ಮ ಮನೆಯ ಕೆಲಸದವಳನ್ನು ಮಗಳು ಎಂದು ಸರ್ಕಾರದವರ ಮುಂದೆ ಹೇಳಿದವಳು ನಾನು. ಪ್ರೀತಿಗೆ ಹೇಳಿದ್ದಲ್ಲ, ಟ್ಯಾಕ್ಸಿನ ಭಯಕ್ಕೆ.

ಕೊರಟಗೆರೆಯಲ್ಲಿ ನಮ್ಮದು ದೊಡ್ಡ ಮನೆಯೇನಲ್ಲ. ಆದರೆ ಸೊಸೆ ಬೆಳಗ್ಗೆ ಎದ್ದು ಹೊಳವನಹಳ್ಳಿ ಶಾಲೆಗೆ ಪಾಠ ಮಾಡಲು ಬಸ್ಸು ಹತ್ತುತ್ತಾಳೆ. ನನಗೋ ಕೂತರೆ ಮಂಡಿ ಏಳುವುದಿಲ್ಲ. ಹಾಗಾಗಿ ಕಸ, ನೆಲ, ಪಾತ್ರೆಗೆ ಒಬ್ಬಳನ್ನು ಇಟ್ಟುಕೊಂಡೆವು. ಕೊಳಾಲದ ಕಡೆಯವಳು, ನಮ್ಮ ಹಿಂದಿನ ಬೀದಿಗೆ ಮದುವೆಯಾಗಿ ಬಂದವಳು. ಅವಳ ತಾಯಿ ತೀರಿಕೊಂಡ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಪಾತ್ರೆ ಉಜ್ಜುತ್ತಲೇ ಮೂಗು ಒರೆಸಿಕೊಂಡಳು. ನಾನೇ ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ರವಿಕೆ ಕಣ ಇಟ್ಟು ಕೊಟ್ಟೆ. ಅಲ್ಲಿಂದ ಪ್ರತಿ ವರ್ಷ ಕೊಡುತ್ತಾ ಬಂದೆ. "ಇವ್ಳು ನಮ್ಮನೆ ಮಗ್ಳಿದ್ದಂಗೆ" ಎಂದು ಬಂದವರಿಗೆಲ್ಲ ಹೇಳುವುದು ರೂಢಿಯಾಯಿತು. ಹಾಗೆ ಹೇಳಿದಾಗೆಲ್ಲ ನಾನು ಬಹಳ ಒಳ್ಳೆಯವಳು ಎಂದು ನನಗೇ ಅನ್ನಿಸುತ್ತಿತ್ತು. ಮಗಳು ಅಂದ ಮೇಲೆ ವಾರಕ್ಕೊಂದು ರಜೆಯ ಮಾತೆಲ್ಲಿ? ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ.

ಈ ಸಲದ ಬೇಸಿಗೆಯಲ್ಲಿ ಕಾರ್ಮಿಕ ಇಲಾಖೆಯ ಕಡೆಯಿಂದ ಒಬ್ಬ ಹುಡುಗಿ ಬೀದಿಗೆ ಬಂದಳು. ಮನೆಗೆಲಸದವರಿಗೆ ಲೇಬರ್ ಕಾರ್ಡ್ ಮಾಡಿಸುತ್ತಾರಂತೆ, ಕೆಲಸದಲ್ಲಿ ಪೆಟ್ಟಾದರೆ ಏನಾದರೂ ನೆರವು ಸಿಗುತ್ತದಂತೆ. ಅದಕ್ಕೆ ಕೆಲಸ ಕೊಟ್ಟವರ ಸಹಿ ಬೇಕು. ನಮ್ಮವಳು ಒದ್ದೆ ಕೈ ಒರೆಸಿಕೊಂಡು, ಆಧಾರ್ ಕಾರ್ಡ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನಮ್ಮ ಯಜಮಾನರು ಟೀ ಅಂಗಡಿಯಲ್ಲಿ ಏನೋ ಕೇಳಿಕೊಂಡು ಬಂದಿದ್ದರು. ನನ್ನನ್ನು ಅಡುಗೆಮನೆಗೆ ಕರೆದು, "ಮಾಲೀಕ್ರು ಅಂತ ಸೈನ್ ಹಾಕ್ಬುಟ್ಟೀಯ ಕಣೇ! ನಾಳೆ ಟ್ಯಾಕ್ಸ್ ಕಟ್ಟಿ, ಪಿಎಫ್ ಕಟ್ಟಿ ಅಂತ ನೋಟಿಸ್ ಬತ್ತದೆ. ರೇಷನ್ ಕಾರ್ಡೂ ಹೋಯ್ತದೆ" ಅಂದರು.

ನಾನು ಹೊರಗೆ ಬಂದೆ. "ಕೆಲ್ಸದೋಳು ಯಾರವ್ವ ಇಲ್ಲಿ? ಇವ್ಳು ನಮ್ಮನೆ ಮಗ್ಳು. ಗೌರಿಗೆ ಬಾಗ್ನ ಕೊಡ್ತೀನಿ, ಬೇಕಾದ್ರೆ ಬೀದಿಯೋರ್ನ ಕೇಳು" ಅಂದೆ.

ಆ ಹುಡುಗಿ ಅವಳ ಮುಖ ನೋಡಿದಳು. "ಹೌದಾ ಅಕ್ಕ?"

"ಅವ್ವ ಹೇಳಿದ್ಮೇಲೆ ಹೌದು" ಅಂದಳು ನಮ್ಮವಳು. ಆಧಾರ್ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲ ಒರೆಸಲು ಹೋದಳು.

ಗೌರಿ ಹಬ್ಬಕ್ಕೆ ಮುಂಚೆ ಮನೆ ತೊಳೆಯುವಾಗ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸು ಅಂದೆ. ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು. ನನಗೆ ಗೊತ್ತಿತ್ತು. ಅದರ ಕೆಳಗೆ ರಟ್ಟು ಮಡಿಸಿ ಇಟ್ಟವಳೂ ನಾನೇ. ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಆಟೋದಲ್ಲಿ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದೆವು, ಖರ್ಚೂ ನಾವೇ ಕೊಟ್ಟೆವು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮಾರನೆಯ ಬೆಳಗ್ಗೆ ಬಂದು ನಿಂತಳು. ಒಂದು ಕೈ ಕುತ್ತಿಗೆಗೆ ತೂಗುಹಾಕಿದೆ, ಇನ್ನೊಂದರಲ್ಲಿ ಬಟ್ಟೆಯ ಚೀಲ.

"ಯಾಕೆ ಬಂದ್ಯೇ? ಮನೇಲಿರು ಅಂದಿದ್ನಲ್ಲ."

"ಕೆಲ್ಸಕ್ಕೆ ಬಂದಿಲ್ಲ ಕಣವ್ವ. ಅಲ್ಲಿದ್ರೆ ಒಂದೇ ಕೈಲಿ ಮುದ್ದೆ ತೊಳ್ಸು ಅಂತಾರೆ. ಕೈ ಮುರ್ಕಂಡ ಹೆಣ್ಣು ತವ್ರಿಗಲ್ದೆ ಎಲ್ಲಿಗೋಗ್ತಾಳೆ?"

ತಮಾಷೆಯೋ ನಿಜವೋ, ಮುಖ ನೋಡಿದರೆ ತಿಳಿಯಲಿಲ್ಲ. ಒಳಗೆ ಕರೆದು ಊಟ ಹಾಕಿದೆ. ಆಮೇಲೆ ಅವಳು ಮಲಗಲು ಜಾಗ ಮಾಡಬೇಕಿತ್ತು. ನನ್ನ ಹೆಣ್ಣುಮಕ್ಕಳು ಬಂದರೆ ನನ್ನ ಮಂಚದ ಮೇಲೆಯೇ ಉರುಳಿಕೊಳ್ಳುತ್ತಾರೆ. ನಾನು ಚಾಪೆ ಹಿಡಿದು ರೂಮಿಗೆ ಹೋದೆ, ಹಾಲಿಗೆ ಬಂದೆ, ಕೊನೆಗೆ ಹಿಂಬಾಗಿಲ ಹತ್ತಿರ, ಪಾತ್ರೆ ತೊಳೆಯುವ ಕಡೆ ಹಾಸಿದೆ. ಯಾರೂ ಹೇಳಿಕೊಡಲಿಲ್ಲ. ಕೈ ತಾನಾಗಿಯೇ ಹಾಸಿತು.

ಅವಳು ಚಾಪೆ ನೋಡಿದಳು. "ಬುಡವ್ವ, ಮನೆಗೇ ಹೋಯ್ತೀನಿ. ಇಲ್ಲಿ ಮಲಗಿದ್ರೆ ಮುಸುರೆ ಪಾತ್ರೆ ಕಣ್ಮುಂದೇ ಇರ್ತವೆ, ಸುಮ್ನಿರಾಕಾಗಲ್ಲ" ಎಂದು ನಕ್ಕು ಚೀಲ ಎತ್ತಿಕೊಂಡಳು. ಬೈದಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ.

"ಇರು" ಅಂದೆ. ಬೇರೆ ಸೀರೆ ಉಟ್ಟು, ಅವಳನ್ನೂ ಕರೆದುಕೊಂಡು ಇಲಾಖೆಯ ಆಫೀಸಿಗೆ ಹೋದೆ.

"ಇವ್ಳು ನಮ್ಮನೆ ಕೆಲ್ಸದೋಳು. ಮಾಲೀಕ್ರು ನಾನೇ. ಎಲ್ಲಿ ಸೈನ್ ಹಾಕ್ಬೇಕು?" ಎಂದು ಅಲ್ಲಿದ್ದವನನ್ನು ಕೇಳಿದೆ. ಅವಳ ಎದುರಿಗೆ ಆ ಮಾತು ಆಡಿದ್ದು ಅದೇ ಮೊದಲು. ಅವಳು ನೆಟ್ಟಗೇ ನಿಂತಿದ್ದಳು. ಟ್ಯಾಕ್ಸ್ ಎಷ್ಟು ಬೀಳುತ್ತದೆ ಎಂದೂ ಕೇಳಿದೆ.

ಅವನು ನಕ್ಕ. "ಮನೆಕೆಲ್ಸಕ್ಕೆ ಒಬ್ರನ್ನ ಇಟ್ಕೊಂಡ್ರೆ ಯಾವ ಟ್ಯಾಕ್ಸ್ ಅಜ್ಜಿ? ಪಿಎಫ್ಫೂ ಇಲ್ಲ. ಆದ್ರೆ ಈ ಕೈಗೆ ಏನೂ ಬರಲ್ಲ. ಪೆಟ್ಟಾಗಿರೋದು ಕಾರ್ಡಿಗೆ ಮುಂಚೆ."

ಇಲ್ಲದ ಟ್ಯಾಕ್ಸಿಗೆ ಹೆದರಿ ಅವಳ ಕೈಗೆ ಸಿಗಬಹುದಾಗಿದ್ದ ನೆರವನ್ನು ತಪ್ಪಿಸಿದ್ದೆ. ಮೂರನೇ ಕ್ಲಾಸಿನ ಓದು ನನ್ನದು, ಸಹಿ ಅಂದರೆ ಹೆಸರನ್ನು ಪೂರ್ತಿ ಬರೆಯುತ್ತೇನೆ. ಬರೆದು ಮುಗಿಸುವವರೆಗೆ ಅವಳ ಕಡೆ ತಿರುಗಲಿಲ್ಲ.

ದಾರಿಯಲ್ಲಿ, "ಕೈ ಸರಿಹೋಗೋಗಂಟ ಸಂಬ್ಳ ಕೊಡ್ತೀನಿ. ಇನ್ಮೇಲೆ ಭಾನುವಾರ ಬರ್ಬ್ಯಾಡ" ಅಂದೆ.

"ಕೊಡು. ಈಗ ಮಾಲೀಕ್ರಲ್ವಾ ನೀನು" ಅಂದಳು.

ಗೌರಿ ಹಬ್ಬ ಬಂತು. ಕೊಡಲೋ ಬೇಡವೋ ಎಂದು ಬೆಳಗ್ಗೆಯೆಲ್ಲ ಒದ್ದಾಡಿ, ಕೊನೆಗೆ ಬಾಗಿನ ತುಂಬಿದೆ. ಬಾಗಿನವನ್ನು ಸೆರಗೊಡ್ಡಿ ಎರಡು ಕೈಯಲ್ಲೂ ತೆಗೆದುಕೊಳ್ಳಬೇಕು. ಅವಳು ಎಡಗೈ ಕೊಟ್ಟು, ಪ್ಲಾಸ್ಟರಿನ ಕೈಯನ್ನು ಮೊರದ ಅಡಿಗೆ ಆನಿಸಿದಳು. ಮೊರ ವಾಲಿತು. ನಾನು ಬಿಡಲಿಲ್ಲ. ಒಂದು ಕಡೆ ನಾನು, ಒಂದು ಕಡೆ ಅವಳು ಹಿಡಿದುಕೊಂಡು ಹಿಂದಿನ ಬೀದಿಗೆ ಹೊರಟೆವು.

ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಏನಜ್ಜಿ, ಮಗ್ಳಿಗೆ ಬಾಗ್ನವಾ?" ಅಂದಳು.

ಎಷ್ಟೋ ವರ್ಷ ಸಲೀಸಾಗಿ ಹೂಂ ಅಂದವಳು ಆವತ್ತು ನಮ್ಮವಳ ಮುಖ ನೋಡಿದೆ.

"ನೆಟ್ಟಗೆ ಹಿಡ್ಕಳವ್ವ, ಅಕ್ಕಿ ಚೆಲ್ತದೆ" ಅಂದಳು ಅವಳು.