ಉಡಿಯ ಮೇಲೆ ಜಾಕೆಟ್

ನನ್ನ ಕೆಲಸ ಬ್ಲೌಸ್ ಹೊಲಿಯುವುದು. ಬೆಟಗೇರಿಯ ಒಂದು ಓಣಿಯಲ್ಲಿ ಒಂದು ಮಷೀನು, ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಇಷ್ಟೇ ನಮ್ಮ ಅಂಗಡಿ. ಅಂಥವಳು ರವಿವಾರ ಬೆಳಿಗ್ಗೆ ಡಂಬಳದ ಕೆರೆಯ ದಂಡೆಯ ಮೇಲೆ ನಿಂತು ಕಂಡ ಕಂಡವರಿಗೆ "ಕೈ ಮ್ಯಾಲೆ ಎತ್ರಿ, ಉಸರ ಬಿಡ್ರಿ" ಎಂದು ಗದರುವಂತಾದದ್ದು ಹೇಗೆ ಅಂತ ಗಿರಾಕಿಗಳು ಈಗಲೂ ಕೇಳುತ್ತಾರೆ. ಎಲ್ಲರಿಗೂ ಉತ್ತರ ಹೇಳುತ್ತ ಕೂತರೆ ತೋಳಿನ ಅಳತೆ ತಪ್ಪುತ್ತದೆ. ಅದಕ್ಕೇ ಒಮ್ಮೆಲೇ ಬರೆದುಬಿಡುತ್ತಿದ್ದೇನೆ.

ನಮ್ಮ ಓಣಿಯಲ್ಲಿ ಒಬ್ಬ ಪಿ.ಟಿ. ಮಾಸ್ತರರು ಇದ್ದಾರೆ. ಶಾಲೆಯಿಂದ ನಿವೃತ್ತರಾದರೂ ಕೊರಳಲ್ಲಿನ ಸೀಟಿ ಇಳಿದಿಲ್ಲ. ದೋಣಿಯ ಹುಟ್ಟುಗಳನ್ನು ಇಡಲು ಉದ್ದನೆಯ ಚೀಲ ಹೊಲಿಸಲು ಬಂದವರು, "ಚೀಲ ಹೊಲಿದ ಕೊಟ್ರಷ್ಟ ಸಾಲಂಗಿಲ್ಲ, ಒಮ್ಮಿ ಬಂದ ನೋಡ್ರಿ" ಎಂದರು. ಅವರದೊಂದು ಗುಂಪು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹತ್ತಾರು ಜನ ತಮ್ಮ ಕೈಯಿಂದ ರೊಕ್ಕ ಹಾಕಿ ನಾಲ್ಕು ಸಣ್ಣ ದೋಣಿ ತಂದಿದ್ದರು. ಕೆರೆಯ ಮೇಲೆ ಮೋಜಿಗೆ ದೋಣಿ ನಡೆಸುವುದನ್ನು ಜನರಿಗೆ ಕಲಿಸುವುದು, ಹಾಗೆ ನಡೆಸುವಾಗ ಯಾರೂ ಸಾಯದಂತೆ ನೋಡಿಕೊಳ್ಳುವುದು, ಎರಡೇ ಉದ್ದೇಶ.

ಹೋದೆ. ಕೂತೆ. ವಾರವೆಲ್ಲ ಮಷೀನಿನ ಮೇಲೆ ಬಗ್ಗಿ ಬಗ್ಗಿ ಗೂನಾಗಿದ್ದ ಬೆನ್ನು ನೀರಿನ ಮೇಲೆ ತಾನಾಗಿಯೇ ನೆಟ್ಟಗಾಯಿತು. ಹುಟ್ಟು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಯಾರೂ "ಸೋಮವಾರ ಕೊಡ್ತೀರಿಲ್ರಿ?" ಎಂದು ಕೇಳುವುದಿಲ್ಲ. ಖುಷಿಯಾಯಿತು, ಬಹಳ ಖುಷಿಯಾಯಿತು. ಮುಂದಿನ ರವಿವಾರ ಬೆಳಗಾಗುವುದನ್ನೇ ಕಾದು ಮೊದಲ ಬಸ್ಸಿಗೆ ಹೋದೆ.

ಅಳತೆಯ ಕಣ್ಣು ಇದ್ದದ್ದರಿಂದ ಲೈಫ್ ಜಾಕೆಟ್ಟಿನ ಜವಾಬ್ದಾರಿ ನನ್ನ ಕೊರಳಿಗೇ ಬಿತ್ತು. ಮೂರು ಪಟ್ಟಿ: ಎದೆಯದು, ಹೊಟ್ಟೆಯದು, ಸೊಂಟದ್ದು. ಮೂರೂ ಹಾಕಿಸಿ, ಭುಜ ಹಿಡಿದು ಮೇಲಕ್ಕೆ ಜಗ್ಗಿ ನೋಡಬೇಕು. ಕಿವಿಯ ತನಕ ಬಂದರೆ ಸಡಿಲ ಅಂತ. ನಮ್ಮ ಜನಕ್ಕೆ ಇದೊಂದು ಕಿರಿಕಿರಿ. ಮುಂಡರಗಿಯ ಒಬ್ಬ ಹುಡುಗ ಎದೆ ಉಬ್ಬಿಸಿ, "ಅಕ್ಕಾರ, ನಾ ಹೊಳಿಯಾಗ ಈಜ ಕಲ್ತಾಂವ್ರಿ" ಎಂದ. "ಭಾಳ ಚೊಲೋ ಆತು, ಹೊಳಿಗೇ ಹೋಗು" ಎಂದೆ. ಸೆಲ್ಫಿಯಲ್ಲಿ ಹೊಸ ಅಂಗಿ ಕಾಣುವುದಿಲ್ಲವೆಂದು ಜಾಕೆಟ್ ಬಿಚ್ಚಿದವನನ್ನು ದಂಡೆಗೆ ಕರೆಸಿ ಇಳಿಸಿದ್ದೇನೆ. ನನ್ನ ಬಾಯಿಗೆ ಹೆದರಿ ಮಾಸ್ತರರೇ ತಮ್ಮ ಪಟ್ಟಿಗಳನ್ನು ಎರಡೆರಡು ಸಲ ಮುಟ್ಟಿ ನೋಡಿಕೊಳ್ಳುತ್ತಾರೆ.

ಇಷ್ಟೆಲ್ಲ ಜೋರು ಮಾಡುವವಳಿಗೆ ಮನೆಯಲ್ಲಿ ಮಾತ್ರ ಬಾಯಿ ಇರಲಿಲ್ಲ. ಕಾರಣ ನಮ್ಮ ಅತ್ತೆ.

ಅತ್ತೆಯ ತವರು ಡಂಬಳ. ಅವರು ಇನ್ನೂ ಲಂಗ ತೊಡುವ ಹುಡುಗಿಯಾಗಿದ್ದಾಗ ಅವರ ಅಣ್ಣ ಎಮ್ಮೆಗಳ ಮೈ ತೊಳೆಯಲು ಇದೇ ಕೆರೆಗೆ ಇಳಿದವನು ಮೇಲೆ ಬರಲಿಲ್ಲ. ಅತ್ತೆ ದಂಡೆಯ ಮೇಲಿದ್ದರು. ನಮ್ಮ ಮನೆಯಲ್ಲಿ ಈ ಸಂಗತಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ತವರಿಗೆ ಹೋದರೂ ಅತ್ತೆ ಕೆರೆಯ ಕಡೆಯ ದಾರಿ ಹಿಡಿಯುತ್ತಿರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದರು. ಅಂಥವರ ಸೊಸೆ ಅದೇ ಕೆರೆಯಲ್ಲಿ ಆಡಲು ಹೋಗುತ್ತಾಳೆ ಎಂದರೆ?

ಮೊದಲೆರಡು ತಿಂಗಳು ಅತ್ತೆ ನನ್ನ ಜೋಡಿ ಮಾತೇ ಆಡಲಿಲ್ಲ. ರವಿವಾರ ನಾನು ಮರಳಿ ಬರುವತನಕ ಅವರು ನಾಷ್ಟಾ ಮುಟ್ಟುವುದಿಲ್ಲ ಎಂದು ಮಾವನವರು ಹೇಳಿದಾಗ ನನಗೆ ಸಿಟ್ಟೇ ಬಂತು. ಒಂದು ದಿನ ಎದುರಿಗೇ ಕೂತು ಕೇಳಿದೆ, "ಅತ್ತೀ, ಜಾಕೆಟ್ ಹಾಕ್ಕೊಂಡಿರ್ತೀನ್ರಿ. ಏನೂ ಆಗಂಗಿಲ್ಲ. ಯಾಕ ಅಂಜ್ತೀರಿ?"

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಂಗಾರ ಒಮ್ಮಿ ನಾನ ಕುಂತ ನೋಡ್ತೀನಿ. ನನ್ನ ಜೀವಕ್ಕ ಸಮಾಧಾನ ಆದ್ರ ನೀ ಹೋಗು. ಆಗ್ಲಿಲ್ಲಾಂದ್ರ ಬಿಟ್ಟಬಿಡು. ಆತಿಲ್ಲೋ?"

"ಆತ್ರಿ" ಎಂದೆ. ಮಾತು ಕೊಟ್ಟ ಮೇಲೆ ಮುಗಿಯಿತಲ್ಲ. ಆ ದೋಣಿ ನನ್ನದಾಗಿ ಉಳಿಯುವುದೋ ಬಿಡುವುದೋ ಎಂಬುದು ಅತ್ತೆ ಒಮ್ಮೆ ಅದರಲ್ಲಿ ಕೂರುವುದರ ಮೇಲೆ ನಿಂತಿತು.

ಆ ವರ್ಷ ಮಳೆ ಚೆನ್ನಾಗಿ ಬಂದು ಕೆರೆ ತುಂಬಿತು. ಮಾಸ್ತರರಿಗೆ ಹುರುಪೋ ಹುರುಪು. "ಊರಿನ ಹೆಣ್ಮಕ್ಕಳು ಇನ್ನೂ ದೂರ ನಿಂತ ನೋಡ್ತಾರ. ಅವರನ್ನ ಕರಿಯೋಣು. ಮುತ್ತೈದೇರಿಗೆ ಉಡಿ ತುಂಬಿ, ಆಮ್ಯಾಲೆ ದೋಣ್ಯಾಗ ಕುಂಡ್ರಿಸೋಣು" ಎಂದರು. ಎಂಥಾ ಛಲೋ ವಿಚಾರ ಎಂದು ನಾವೆಲ್ಲ ತಲೆಯಾಡಿಸಿದೆವು. ಬ್ಲೌಸ್ ಪೀಸುಗಳನ್ನು ನಾನೇ ಆರಿಸಿ ತಂದೆ. ಇದೇ ದಿನ ಬರುವುದೆಂದು ಅತ್ತೆಯೂ ಒಪ್ಪಿದರು.

ಕೆರೆಗೆ ಪೂಜೆಯಾಯಿತು. ಗುಂಪಿನ ಶಿರಹಟ್ಟಿಯ ನರ್ಸಬಾಯಿ ಮತ್ತು ನಾನು ಸಾಲಾಗಿ ಕೂತ ಹೆಂಗಸರಿಗೆ ಉಡಿ ತುಂಬುತ್ತ ಹೋದೆವು. ಅಕ್ಕಿ, ಒಂದು ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಎಲೆ ಅಡಿಕೆ, ಮೇಲೊಂದು ಬ್ಲೌಸ್ ಪೀಸು. ಎಲ್ಲರೂ ಸೆರಗಿನಲ್ಲಿ ಕಟ್ಟಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಎಲ್ಲರ ಮುಖದಲ್ಲೂ ನಗು. ಇನ್ನೇನು, ದೋಣಿ.

ನಾನು ಮೊದಲನೆಯವಳಿಗೆ ಜಾಕೆಟ್ ತೊಡಿಸಿದೆ. ಎದೆಯ ಪಟ್ಟಿ ಬಂತು. ಹೊಟ್ಟೆಯದು ಬರಲಿಲ್ಲ. ಸೊಂಟದ್ದರ ಎರಡು ತುದಿ ಆ ದಂಡೆಗೊಂದು ಈ ದಂಡೆಗೊಂದು. ನಡುವೆ ತೆಂಗಿನಕಾಯಿ. ಎರಡನೆಯವಳಿಗೂ ಅದೇ, ಮೂರನೆಯವಳಿಗೂ ಅದೇ. ತಲೆ ಎತ್ತಿ ನೋಡಿದರೆ ಇಡೀ ಸಾಲು ದಿನ ತುಂಬಿದ ಬಸುರಿಯರ ಹಾಗೆ ನಿಂತಿದೆ. ತುಂಬಿದ ಉಡಿಯನ್ನು ಮನೆಗೇ ಒಯ್ಯಬೇಕು, ನಡುವೆ ನೆಲಕ್ಕೆ ಇಳಿಸುವಂತಿಲ್ಲ. ಇದು ನಮ್ಮೆಲ್ಲರಿಗೂ ಹುಟ್ಟಿದಾಗಿನಿಂದ ಗೊತ್ತು. ದಿನಾ ಅಳತೆ ತೆಗೆಯುವ ನನಗೇ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾಸ್ತರರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು, "ಇವತ್ತೊಂದಿನ ಮ್ಯಾಲಿನ ಪಟ್ಟಿ ಒಂದ ಹಾಕಿ ಬಿಡೋಣೇನ್ರಿ? ಇಷ್ಟ ಮಂದಿ ಮತ್ತ ಬರಂಗಿಲ್ಲ."

"ಬರದಿದ್ರ ಬ್ಯಾಡ್ರಿ" ಎಂದೆ. "ನೀರಾಗ ಬಿದ್ರ ಜಾಕೆಟ್ ಮ್ಯಾಲೆ ತೇಲತೈತಿ, ಮನಶ್ಯಾ ಕೆಳಗ ಜಾರ್ತಾನ."

ಸಾಲಿನಲ್ಲಿ ಗುಸುಗುಸು ಶುರುವಾಯಿತು. ಒಬ್ಬಾಕೆ, "ನಡೀರವಾ, ಇವರ ದೋಣಿ ಇವರಿಗೇ ಇರ್ಲಿ" ಎಂದು ತಿರುಗಿದಳು. ಹಿಂದೆ ಇನ್ನಿಬ್ಬರು. ಅಷ್ಟರಲ್ಲಿ ಅತ್ತೆ ಎಲ್ಲರನ್ನೂ ಸರಿಸಿಕೊಂಡು ನನ್ನ ಮುಂದೆ ಬಂದು ನಿಂತರು. ಅವರ ಉಡಿಯೇ ಎಲ್ಲರದಕ್ಕಿಂತ ದೊಡ್ಡದು. ಅತ್ತೆಗೆ ಅಂತ ನಾನೇ ಕೈ ಬಿಚ್ಚಿ ತುಂಬಿದ್ದೆ.

"ನನಗರ ಬಿಡ್ತೀಯಿಲ್ಲೋ?"

"ಇಲ್ರಿ ಅತ್ತೀ."

"ಉಡಿ ನಾ ನೆಲಕ್ಕ ಇಡಂಗಿಲ್ಲ."

"ಇಡಬ್ಯಾಡ್ರಿ. ಆದ್ರ ದೋಣಿ ಹತ್ತಬ್ಯಾಡ್ರಿ."

ಎಲ್ಲರೆದುರು ಅತ್ತೆಗೆ ಹೀಗೆ ಎದುರಾಡಿದ್ದು ಅದೇ ಮೊದಲು. ಮುಗಿಯಿತು ಎಂದುಕೊಂಡೆ. ಅತ್ತೆ ಕೂರುವುದಿಲ್ಲ, ಸಮಾಧಾನ ಆಗುವುದಿಲ್ಲ, ನನ್ನ ರವಿವಾರ ಹೋಯಿತು. ಆದರೂ ಪಟ್ಟಿ ಹಿಡಿದ ಕೈ ಬಿಡಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಉಡಿಯ ಗಂಟು ಬಿಚ್ಚಿದರು.

"ಸೆರಗ ಒಡ್ಡು. ಮನಿ ಉಡಿ ಮನ್ಯಾಗ ಇರ್ತೈತಿ."

ಪೂಜೆಯೆಂದು ನಾನೂ ಇಳಕಲ್ ಸೀರೆ ಉಟ್ಟಿದ್ದೆ. ಸೆರಗೊಡ್ಡಿದೆ. ಅವರದ್ದಷ್ಟೂ ನನ್ನ ಉಡಿಗೆ ಬಂತು. ಎರಡೂ ಕೈ ಅದಕ್ಕೇ ಬೇಕಾದವು. ನರ್ಸಬಾಯಿ ಅತ್ತೆಗೆ ಜಾಕೆಟ್ ತೊಡಿಸಿ ಮೂರೂ ಪಟ್ಟಿ ಹಾಕಿದಳು. "ಭುಜ ಜಗ್ಗಿ ನೋಡವಾ" ಎಂದು ನಾನು ನಿಂತಲ್ಲಿಂದಲೇ ಒದರಿದೆ. ಅಗಲವಾದ ದೋಣಿಯಲ್ಲಿ ಅತ್ತೆಯನ್ನು ಮುಂದೆ ಕೂರಿಸಿಕೊಂಡು ಆಕೆ ಹುಟ್ಟು ಹಾಕಿದಳು. ಅತ್ತೆ ಹಿಂದೆ ತಿರುಗಿ ನೋಡಲಿಲ್ಲ.

ಎಷ್ಟು ಜನರನ್ನು ನಾನೇ ಹೀಗೆ ಕಳಿಸಿದ್ದೇನೆ. ದಂಡೆಯಲ್ಲಿ ಅಳುಕುತ್ತ ನಿಂತ ತಾಯಂದಿರಿಗೆ "ಏನೂ ಆಗಂಗಿಲ್ಲ, ಸುಮ್ನ ಕುಂಡ್ರಿ" ಎಂದು ನಕ್ಕಿದ್ದೇನೆ. ದೋಣಿ ಸಣ್ಣದಾಗುತ್ತ ಹೋಯಿತು. ಗಾಳಿ ಬೀಸಿತು, ಹೆಚ್ಚೇನಲ್ಲ, ಹಪ್ಪಳ ಒಣಗಿಸುವಷ್ಟು. ದೋಣಿ ಜಾಲಿ ಗಿಡಗಳ ಹಿಂದೆ ತಿರುಗಿ ಕಾಣದಾಯಿತು. ಸೊಂಟದ ಪಟ್ಟಿ ಸರಿಯಾಗಿ ಬಿಗಿದಳೋ ಇಲ್ಲವೋ? ಅತ್ತೆ ಎದ್ದು ನಿಂತರೆ? ಅಣ್ಣ ನೆನಪಾಗಿ ತಲೆ ಸುತ್ತಿದರೆ? ಮಾಸ್ತರರು ಏನೋ ಹೇಳುತ್ತಿದ್ದರು, ನನಗೆ ಕೇಳಲಿಲ್ಲ. ಅಂಜಿಕೆ ಎಂದರೆ ಏನೆಂದು ನನಗೆ ಅಲ್ಲಿಯತನಕ ಗೊತ್ತೇ ಇರಲಿಲ್ಲ.

ಕೊನೆಗೆ ಗಿಡಗಳ ಆಚೆಯಿಂದ ಜಾಕೆಟ್ಟಿನ ಕೇಸರಿ ಬಣ್ಣ ಕಂಡಿತು. ದೋಣಿ ದಂಡೆಗೆ ಬಂತು. ಅತ್ತೆ ಮೊಣಕಾಲು ಹಿಡಿದು ಇಳಿದು, ಕಾಲ ಮೇಲಿನ ನೀರು ಝಾಡಿಸಿ, ನನ್ನ ಹತ್ತಿರ ಬಂದರು. ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಸೆರಗನ್ನು ಬಿಗಿಹಿಡಿದು ಬೆರಳೆಲ್ಲ ಬೆಳ್ಳಗಾಗಿದ್ದವು.

"ಬಿಡು" ಎಂದು ಒಂದೊಂದೇ ಬೆರಳು ಬಿಡಿಸಿದರು. "ನಾನೂ ಹಿಂಗ ಹಿಡದಿದ್ದೆ. ನಮ್ಮಣ್ಣನ ಅಂಗಿ. ಬಿಚ್ಚಿ ನನ್ನ ಕೈಯಾಗ ಕೊಟ್ಟ ಇಳದಿದ್ದ. ಹೊತ್ತ ಮುಣಗಿದ ಮ್ಯಾಲೆ ನಮ್ಮಪ್ಪ ಬಂದ ಬಿಡಿಸಿದಾ."

ನನಗೆ ಅಳು ಬಂತು. ಎಲ್ಲರೆದುರೇ ಅತ್ತುಬಿಟ್ಟೆ. ರವಿವಾರದ ನಾಷ್ಟಾ ಮುಟ್ಟದ ಮುದುಕಿಯ ಮೇಲೆ ಸಿಟ್ಟು ಮಾಡಿದ್ದೆನಲ್ಲ.

ಅತ್ತೆ ಜಾಕೆಟ್ ಬಿಚ್ಚಿ ಝಾಡಿಸಿ, ಹೊರಟು ನಿಂತಿದ್ದ ಆ ಮೂವರು ಹೆಂಗಸರನ್ನು ಕರೆದರು. "ಎಲ್ಲಿ ಹೊಂಟ್ರಿ? ಒಬ್ಬಾಕಿ ಕುಂಡ್ರಿ, ಇನ್ನೊಬ್ಬಾಕಿ ಉಡಿ ಹಿಡೀರಿ." ಮುಂದಿದ್ದವಳಿಗೆ ತಾವೇ ತೊಡಿಸಿ, ಎದೆಯ ಪಟ್ಟಿ ಹಾಕಿದರು, ಹೊಟ್ಟೆಯದು ಹಾಕಿದರು. ಆಕೆ ಸಾಕೆಂದು ಸರಿಯಹೋದಾಗ ಭುಜ ಹಿಡಿದು ನಿಲ್ಲಿಸಿದರು.

"ಸೊಂಟದ್ದೂ ಹಾಕ್ಕೋಬೇಕವಾ" ಎಂದರು. "ನಮ್ಮ ಸೊಸಿ ಬಿಡಂಗಿಲ್ಲ."